ಚೆಂಡಿಯಾದ ಯಜಮಾನರು ದೇಶ ಹುಡುಕಿದ್ದು

ಊರು ಬಿಟ್ಟು ಹೋಗುವವರ ಅರ್ಜಿ ಟೈಪು ಮಾಡುವ ಕೆಲಸದಲ್ಲಿ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ. ಕಷ್ಟವೆಂದರೆ, ಅದು ನಡೆಯುವುದು ನಗಬಾರದ ಹೊತ್ತಿನಲ್ಲೇ. ತೊಂಬತ್ತರ ದಶಕದಲ್ಲಿ ನಾನು ಕಾರವಾರದ ಒಂದು ಟ್ರಾವೆಲ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಗಲ್ಫಿಗೆ ಹೋಗುವವರ ಪಾಸ್‌ಪೋರ್ಟು, ಟಿಕೇಟು ನಮ್ಮ ವ್ಯಾಪಾರ. ಟೈಪ್‌ರೈಟರಿನ ಮುಂದೆ ಕೂತ ಹೆಂಗಸು ಟೀಚರೇ ಇರಬೇಕೆಂದು ಬಂದವರೆಲ್ಲ ನನ್ನನ್ನು ‘ಅಕ್ಕೋರೆ’ ಎನ್ನುತ್ತಿದ್ದರು.

ಒಂದು ದಿನ ಚೆಂಡಿಯಾದ ಯಜಮಾನರೊಬ್ಬರು ಹೆಂಡತಿಯ ಜೊತೆ ಬಂದರು. ಗದ್ದೆ, ಮನೆ, ತೆಂಗಿನಮರ ಎಲ್ಲ ನೌಕಾನೆಲೆಗೆ ಹೋಗಿತ್ತು. ಪರಿಹಾರ ಕೈಗೆ ಬಂದಿತ್ತು, ಸರ್ಕಾರ ಕೊಡುತ್ತೇನೆಂದ ಸೈಟಿನ ಪಾಳಿ ಇನ್ನೂ ಬಂದಿರಲಿಲ್ಲ. ಬಾಳೆಗುಳಿಯಲ್ಲಿ ಹೆದ್ದಾರಿ ಬದಿಗೆ ಬಾಡಿಗೆ ಕೋಣೆ ಹಿಡಿದು ಇಬ್ಬರೇ ಇದ್ದರು. ಲಾರಿ ಹೋದಾಗಲೆಲ್ಲ ಪಾತ್ರೆಗಳು ನಡುಗುತ್ತಿದ್ದವಂತೆ.

“ಈ ದೇಶ ನಂಗೆ ಎದ್ದು ಹೋಗು ಅಂತು. ಎದ್ದೆ. ಇನ್ನು ಬೇರೆ ದೇಶದಲ್ಲೇ ಕೂತ್ಕಣುದು. ದುಡ್ಡು ಹಾಕಿದ್ರೆ ಇರುಕೆ ಬಿಡು ದೇಶ ಯಾವ್ದಿದೆ, ಹೇಳಿ ಸಾಯ್ಬ್ರೆ” ಎಂದರು.

ನಮ್ಮ ಆಫೀಸಿನ ಧಣಿಯ ಮುಖ ಅರಳಿತು. ಮುಂಬೈಯಲ್ಲಿ ಇಂಥದ್ದೇ ವ್ಯವಹಾರ ಮಾಡುವ ಏಜೆಂಟನೊಬ್ಬ ಅವರಿಗೆ ಪರಿಚಯವಿದ್ದ.

೧. ದುಬೈ

ಮೊದಲು ಗಲ್ಫಿನ ಮಾತು ಬಂತು. “ಅಂಗಡಿಗೆ ದುಡ್ಡು ಹಾಕಬಹುದು” ಎಂದರು ಧಣಿ, “ಆದರೆ ಆ ದೇಶದವನೊಬ್ಬ ಪಾಲುದಾರ ಇರಬೇಕು. ಜಾಗ ನಿಮ್ಮ ಹೆಸರಿಗೆ ಆಗುವುದಿಲ್ಲ.”

“ಮನೆ?”

“ಬಾಡಿಗೆಯದ್ದೇ.”

“ಎಷ್ಟು ವರ್ಷ ಇದ್ರೂ?”

“ಎಷ್ಟು ವರ್ಷ ಇದ್ದರೂ. ಅವರು ಹೋಗು ಅಂದ ದಿನ ಗಂಟು ಕಟ್ಟಬೇಕು.”

ಯಜಮಾನರು ಹೆಂಡತಿಯ ಕಡೆ ತಿರುಗಿದರು. “ಕೇಳ್ದೇನೇ? ನಾವು ಆಗ್ಲೇ ದುಬೈಗೆ ಬಂದಾಗಿದೆ.”

೨. ಕೆನಡಾ

ಮುಂದಿನ ವಾರ ಕೆನಡಾದ ಸರದಿ. ಅಲ್ಲಿ ಯಾವುದಾದರೂ ಉದ್ಯಮಕ್ಕೆ ದೊಡ್ಡ ಮೊತ್ತ ತೊಡಗಿಸಿದರೆ ಕಾಯಂ ಆಗಿ ಇರಬಹುದು, ಜಾಗವನ್ನೂ ಕೊಳ್ಳಬಹುದು ಎಂದು ಧಣಿ ವಿವರಿಸಿದರು. ಆ ಮೊತ್ತದ ಹತ್ತಿರಕ್ಕೂ ಯಜಮಾನರ ಪರಿಹಾರ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅವರು ಕೇಳಿದ್ದು ಬೇರೆಯೇ.

“ಭತ್ತ ಬೆಳೀತದ್ಯಾ?”

“ಚಳಿಗಾಲದಲ್ಲಿ ನೆಲವೇ ಕಲ್ಲಾಗಿರುತ್ತದೆ. ಗುದ್ದಲಿ ಇಳಿಯುವುದಿಲ್ಲ.”

“ಹಾಗಾದ್ರೆ ಸತ್ತೋರನ್ನ ಹ್ಯಾಗೆ ಹುಗೀತಾರೆ?”

ಧಣಿ ಎಲ್ಲೋ ಓದಿದ್ದನ್ನು ಹೇಳಿಬಿಟ್ಟರು. ಕೆಲವು ಊರುಗಳಲ್ಲಿ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಮಂಜು ಕರಗುವವರೆಗೆ ಕಾಯುತ್ತಾರಂತೆ.

ಅಷ್ಟು ದಿನ ನಮ್ಮ ಆಫೀಸಿನಲ್ಲಿ ಬಾಯಿ ತೆರೆಯದ ಅವರ ಹೆಂಡತಿ ಆವತ್ತು ಮಾತಾಡಿದರು. “ಬ್ಯಾಡ ಸಾಯ್ಬ್ರೆ. ಇಲ್ಲಿ ಬದ್ಕಿದ್ದಾಗ ಜಾಗಕ್ಕೆ ಕಾಯ್ತಾ ಇದ್ದೇವೆ. ಅಲ್ಲಿ ಸತ್ತ ಮೇಲೂ ಪಾಳಿ ಹಚ್ಚುದಾ?”

೩. ದ್ವೀಪ

ಆಮೇಲೆ ಮುಂಬೈಯ ಏಜೆಂಟನೇ ಬಂದ. ಇಸ್ತ್ರಿ ಮುರಿಯದ ಪ್ಯಾಂಟು, ಕೈಯಲ್ಲಿ ಬಣ್ಣದ ಫೋಟೋಗಳು. ವೆಸ್ಟ್ ಇಂಡೀಸ್ ಕಡೆಯ ಒಂದು ಪುಟ್ಟ ದ್ವೀಪ. ಅಲ್ಲಿ ಮನೆ ಕೊಂಡರೆ ಸಾಯುವವರೆಗೂ ಇರಬಹುದಂತೆ. ಅವನ ಹಿಂದಿಯನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಯಜಮಾನರು ಒಂದು ಫೋಟೋ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಮರಳು, ತೆಂಗು, ಗುಡ್ಡ, ಗುಡ್ಡದ ಬುಡಕ್ಕೆ ಬಿಳಿ ಮನೆ.

“ನಮ್ಮನೆ ಕಂಡಾಂಗೇ ಉಂಟು” ಎಂದರು. ಮುಂಗಡ ಕೊಡಲು ಬನಿಯನ್ನಿನ ಒಳಗೆ ಕೈ ಹಾಕಿಯೇಬಿಟ್ಟರು. ಇರುವುದೆಲ್ಲ ಆ ಬನಿಯನ್ನಿನಲ್ಲೇ ಇತ್ತು.

ಹೆಂಡತಿ ಅವರ ಮೊಣಕೈ ಹಿಡಿದರು. “ಅಕ್ಕೋರೆ, ಆ ಜಾಗದಲ್ಲಿ ಮೊದ್ಲು ಯಾರಿದ್ರು ಕೇಳಿ.”

ಕೇಳಿದೆ. ಏಜೆಂಟ್ ಹುರುಪಿನಿಂದ ಹೇಳಿದ: “ಮೀನುಗಾರರು, ತೋಟದವರು. ಸರ್ಕಾರ ಎಬ್ಬಿಸಿ ಕಂಪನಿಗೆ ಕೊಟ್ಟಿದೆ. ಎಲ್ಲರಿಗೂ ಪರಿಹಾರ ಸಿಕ್ಕಿದೆ. ಯಾವ ತಕರಾರೂ ಇಲ್ಲ!”

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ.

“ಅವ್ರೀಗ ಎಲ್ಲಿದ್ದಾರೆ?” ಯಜಮಾನರು ಮೆಲ್ಲಗೆ ಕೇಳಿದರು.

“ಯಾರಿಗೆ ಗೊತ್ತು? ಬೇರೆ ದೇಶಕ್ಕೆ ಹೋಗಿರಬಹುದು” ಎಂದ ಏಜೆಂಟ್.

ಯಜಮಾನರು ಬನಿಯನ್ನಿನಿಂದ ಕೈ ತೆಗೆದು ಫೋಟೋವನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಹೆಂಡತಿ ಸೆರಗು ಸರಿಪಡಿಸಿಕೊಂಡು ಎದ್ದರು. “ಕಾರವಾರಕ್ಕೆ ಮಾತ್ರ ಬರ್ಬ್ಯಾಡಿ ಅನ್ನಿ ಅವ್ರಿಗೆ. ಇಲ್ಲಿ ನಮ್ಗೇ ಜಾಗ ಇಲ್ಲ.”

೪. ಕೇಣಿ

ಕೊನೆಗೆ ಅವರು ಅಂಕೋಲೆಯ ಕೇಣಿಯಲ್ಲಿ ನೆಂಟರೊಬ್ಬರಿಂದ ತುಂಡು ಜಾಗ ಕೊಂಡು ಎರಡು ಕೋಣೆಯ ಮನೆ ಕಟ್ಟಿದರು. ಮನೆ ಒಕ್ಕಲಿಗೆ ನನ್ನನ್ನೂ ಕರೆದಿದ್ದರು. ಊಟ ಮುಗಿದು ಜನ ಎಲೆಯಡಿಕೆ ಹಾಕುತ್ತಿದ್ದಾಗ ಖಾಕಿ ಅಂಗಿಯ ಒಬ್ಬಾತ ಟೇಪು ಹಿಡಿದು ಅಂಗಳಕ್ಕೆ ಬಂದ. ಯಾರನ್ನೂ ಮಾತಾಡಿಸದೆ ಗೋಡೆಯಿಂದ ಬೇಲಿಯವರೆಗೆ ಅಳೆದ. ಒಂದು ಗೂಟ ಹೊಡೆದ.

ಯಜಮಾನರು ಕೈಯಲ್ಲಿದ್ದ ಎಲೆಯಡಿಕೆ ಬಿಸಾಕಿದರು. ಓಡಿಹೋಗಿ ಹೊಸಿಲ ಮೇಲೆ ಕೂತು, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಎಬ್ಬಿಸಲು ಹೋದ ನೆಂಟರನ್ನು ಕಾಲಿನಿಂದ ತಳ್ಳಿದರು.

“ಬಾಯ್ಬಿಟ್ಟು ಹೇಳು!” ಎಂದು ಕೂಗಿದರು. “ಈ ಸಲ ಎಂತಕ್ಕೆ? ಹಡಗಿಗಾ, ವಿಮಾನಕ್ಕಾ?”

ಆತ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. “ಬಲ್ಬಿಗೆ, ಯಜಮಾನ್ರೆ” ಎಂದ. “ಕರೆಂಟ್ ಬೇಕು ಅಂತ ನೀವೇ ಅರ್ಜಿ ಕೊಟ್ಟಿದ್ರಲ್ಲ? ಕಂಬ ಎಲ್ಲಿ ನಿಲ್ಸುದು ನೋಡ್ದೆ.”

ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ನಕ್ಕರು, ನಾನೂ ನಕ್ಕೆ. ಕಣ್ಣೊರೆಸಿಕೊಳ್ಳುತ್ತ ಯಜಮಾನರೂ ನಕ್ಕರು. ಆದರೆ ಆತ ಟೇಪು ಸುತ್ತಿ ಚೀಲಕ್ಕೆ ಹಾಕಿ ಗೇಟು ದಾಟುವವರೆಗೂ ಹೊಸಿಲು ಬಿಟ್ಟು ಏಳಲಿಲ್ಲ.