ಯಾರ ಕಡೆಯ ರಕ್ತ?

—ನಿನ್ನ ಸೋದರಮಾವನಿಂದಲೇ ಬಂದಿರೋದು, ಬರೆದಿಟ್ಟುಕೋ! ಅವನಿಗೆ ಊರಿನ ಬಸ್ಸುಗಳ ನಂಬರೆಲ್ಲ ಬಾಯಿಪಾಠ, ಮನೆಗೆ ಬಂದವರ ಮುಖ ಮಾತ್ರ ನೋಡಲ್ಲ.

—ಮತ್ತೆ ನಿಮ್ಮಪ್ಪ? ನಮ್ಮ ಮದುವೆ ಊಟದಲ್ಲಿ ಗೋಡೆ ಕಡೆ ತಿರುಗಿ ಕೂತು ತಿಂದ್ರಲ್ಲ?

—ಅದು ನಿಮ್ಮಮ್ಮ ಎದುರಿಗೆ ಕೂತಿದ್ದಕ್ಕೆ!

ಗ್ರೀಸಿನ ಥೆಸಲೊನೀಕಿಯ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ನಾನೂ ನನ್ನ ಹೆಂಡತಿ ಆಂಥೂಲಾಳೂ ಹೀಗೆ ಪಿಸುದನಿಯಲ್ಲಿ ಕಚ್ಚಾಡುತ್ತಿದ್ದೆವು. ನಾಲ್ಕು ವರ್ಷದ ಮಗಳು ಮಿರ್ಸೀನಿ ನಡುವೆ ಕೂತು, ಬೆರಳುಗಳನ್ನು ಬೆಳಕಿಗೆ ಹಿಡಿದು ಆಡಿಸುತ್ತಿದ್ದಳು. ಅವಳಿಗಿನ್ನೂ ಮಾತು ಬಂದಿರಲಿಲ್ಲ. ಆಟಿಸಂ ಎಂದು ಹೋದ ವರ್ಷವೇ ಹೇಳಿದ್ದರು. ಯಾಕೆಂದು ತಿಳಿಯಲು ಮೂವರ ರಕ್ತವನ್ನೂ ಪರೀಕ್ಷೆಗೆ ಕೊಟ್ಟಿದ್ದೆವು. ನಮ್ಮಮ್ಮ ಮಾತ್ರ ತೀರ್ಪು ಆಗಲೇ ಕೊಟ್ಟಿದ್ದಳು: ಬಸುರಿ ಸೊಸೆ ಆಕ್ಟೋಪಸ್ ತಿಂದದ್ದೇ ಕಾರಣ. ಅಂದಿನಿಂದ ಆಂಥೂಲಾ ಅದನ್ನು ಮುಟ್ಟಿರಲಿಲ್ಲ.

ಡಾಕ್ಟರಮ್ಮ ಒಳಗೆ ಕರೆದರು.

—ಒಂದು ಜೀನ್‌ನಲ್ಲಿ ಬದಲಾವಣೆ ಸಿಕ್ಕಿದೆ. ಗರ್ಭದಲ್ಲಿ ಮಿದುಳು ಬೆಳೆಯೋವಾಗ ಬೇಕಾಗೋ ಜೀನ್ ಅದು.

—ಯಾರ ಕಡೆಯದು? ಇಬ್ಬರೂ ಒಟ್ಟಿಗೆ ಕೇಳಿದೆವು.

—ಹಿರಿಯರಿಂದ ಬಂದದ್ದಲ್ಲ. ನಿಮ್ಮಿಬ್ಬರ ರಕ್ತದಲ್ಲೂ ಅದಿಲ್ಲ. ಮಗಳಲ್ಲೇ ಹೊಸದು.

—ಹಾಗಾದ್ರೆ... ನಾನು ತಿಂದಿದ್ದರಿಂದ? ಆಂಥೂಲಾ ಕೇಳಿದಳು.

—ನೀವು ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ.

ಅವಳು ಮುಖ ಮುಚ್ಚಿಕೊಂಡು ಅತ್ತಳು. ನಾನು ದೊಡ್ಡ ಮನಸ್ಸು ಮಾಡಿ ಬೆನ್ನು ಸವರಿದೆ.

—ನೋಡಿದ್ಯಾ? ಮೊದಲಿಂದಲೂ ಹೇಳ್ತಾನೇ ಇದ್ದೆ, ಯಾರದೂ ತಪ್ಪಿಲ್ಲ ಅಂತ!

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು.

—ತಪ್ಪಂತೂ ಅಲ್ಲ. ಆದರೆ ಆ ಬದಲಾವಣೆ ಇರೋದು ಅಪ್ಪನಿಂದ ಬಂದ ಪ್ರತಿಯಲ್ಲಿ. ವೀರ್ಯಾಣು ತಯಾರಾಗೋವಾಗ ಜೀನ್‌ನ ನಕಲಿನಲ್ಲಿ ಒಂದಕ್ಷರ ತಪ್ಪಿದೆ. ಗಂಡಸಿಗೆ ವಯಸ್ಸಾದಷ್ಟೂ ಇಂಥವು ಸ್ವಲ್ಪ ಜಾಸ್ತಿ. ಇವಳು ಹುಟ್ಟಿದಾಗ ನಿಮಗೆಷ್ಟು?

—ನಲವತ್ತ... ಒಂಬತ್ತು.

—ಕೇಳಿಸಲಿಲ್ಲ, ಜೋರಾಗಿ ಹೇಳು, ಎಂದಳು ಆಂಥೂಲಾ. ಅಳು ಮಾಯವಾಗಿತ್ತು.

ಹೊರಗೆ ಬಂದವಳೇ ಶುರುಮಾಡಿದಳು.

—ಮದುವೆಗೆ ವರ್ಷಗಟ್ಟಲೆ ಕಾಯಿಸಿದ್ಯಲ್ಲೋ! ಅಂಗಡಿ ನೆಲೆ ನಿಲ್ಲಲಿ, ಗಂಡಸು ಮಾಗಿದಷ್ಟೂ ಚೆನ್ನ ಅಂತ!

ಅವಳ ಸೋದರಮಾವನ ಹಿಂದೆ ಅವಿತು ಕೂರಲು ಈಗ ನನಗೆ ಜಾಗವಿರಲಿಲ್ಲ.

—ಮೊದಲೇ ಮದುವೆ ಆಗಿದ್ದಿದ್ರೆ... ಎಂದೆ.

ಆಂಥೂಲಾ ಮಗಳ ಕೋಟಿನ ಗುಂಡಿ ಹಾಕುತ್ತಿದ್ದವಳು ತಲೆ ಎತ್ತಿದಳು.

—ಆಗಿದ್ದಿದ್ರೆ ಬೇರೆ ಯಾವುದೋ ಮಗು ಹುಟ್ತಿತ್ತು ಕಣೋ. ಇವಳೆಲ್ಲಿ ಸಿಗ್ತಿದ್ಲು? ತಡ ಮಾಡಿದ್ದೊಂದೇ ನೀನು ಜೀವಮಾನದಲ್ಲಿ ಮಾಡಿದ ಒಳ್ಳೆ ಕೆಲಸ. ಈಗ ಎತ್ಕೋ, ಅವಳಿಗೆ ಹಸಿವಾಗಿದೆ. ಇದಕ್ಕೂ ತಡ ಮಾಡ್ಬೇಡ!