ಮೂರು ಸುತ್ತು ಬಜೆ

ನಮ್ಮ ಸೋದರಮಾವನ ಔಷಧಿಯಿಂದ ಈವರೆಗೆ ಒಬ್ಬರೂ ಸತ್ತಿಲ್ಲ. ಸತ್ತವರಿದ್ದಾರೆ, ಇಲ್ಲವೆನ್ನುವುದಿಲ್ಲ, ಆದರೆ ಅವರೆಲ್ಲ ತಮ್ಮ ತಮ್ಮ ಸ್ವಂತ ಕಾಯಿಲೆಗಳಿಂದ ಸತ್ತವರು! ಮಾಮಾ ಇದನ್ನು ಎದೆ ತಟ್ಟಿಕೊಂಡು ಹೇಳುತ್ತಾರೆ. ಇಂಥ ದಾಖಲೆ ಹೈದರಾಬಾದಿನ ಎಷ್ಟು ಮಂದಿ ವೈದ್ಯರಿಗಿದೆ, ನೀವೇ ಹೇಳಿ?

ಅಂದಹಾಗೆ ಮಾಮಾ ವೈದ್ಯರಲ್ಲ. ರಾಯಚೂರಿನಿಂದ ಬಂದು ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರ ಬಳಿ ಔಷಧಿಗಳೂ ಹತ್ತಾರಿಲ್ಲ, ಇರುವುದು ಒಂದೇ: ಬಜೆ ಬೇರು. ಕೂಸಿಗೆ ಮಾತು ಸ್ಪಷ್ಟವಾಗಿ ಬರಲೆಂದು ದೀಪದ ಉರಿಯಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ತೇದು ನಾಲಿಗೆಗೆ ಸವರುತ್ತಾರಲ್ಲ, ಅದೇ. ಎಳೆಗೂಸಿಗೆ ಕಲ್ಲಿನ ಮೇಲೆ ಒಂದು ಸುತ್ತು, ಬೆಳೆದಂತೆ ಎರಡು, ಮೂರು. ನಮ್ಮ ಅಜ್ಜಿಯರು ಅಷ್ಟಕ್ಕೆ ನಿಲ್ಲಿಸಿದರು. ಮಾಮಾ ನಿಲ್ಲಿಸಲಿಲ್ಲ. ಹೊಟ್ಟೆ ಉಬ್ಬರಿಸಿದರೆ ಹೊಕ್ಕುಳ ಸುತ್ತ ಬಜೆ, ನೆಗಡಿಯಾದರೆ ಹಣೆಗೆ ಬಜೆ, ಮರೆವಿಗೆ ತುಪ್ಪದಲ್ಲಿ ಬಜೆ, ಅಕ್ಕಿಗೆ ಹುಳು ಬಿದ್ದರೆ ಡಬ್ಬಿಯಲ್ಲೂ ಬಜೆ. ಗಂಡ ಹೆಂಡತಿ ಮಾತು ಬಿಟ್ಟಿದ್ದರೆ ಇಬ್ಬರಿಗೂ ಬಜೆ!

ಅವರ ಜೊತೆ ಕೋಠಿಯ ಜಡಿಬೂಟಿ ಅಂಗಡಿಗೆ ಹೋಗಿ ನಾನು ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಮಾಮಾ ಒಂದು ಬೇರನ್ನು ಮುರಿದು, ಮೂಸಿ, ಕಚ್ಚಿ, ಕಣ್ಣು ಮುಚ್ಚಿ ನಿಂತರು. ಇನ್ನೊಂದನ್ನು ಕಚ್ಚಿದರು. ಐದನೆಯದಕ್ಕೆ ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಲೇನಾ ಹೈ ತೋ ಲೇಲೋ ಸಾಬ್, ಇಧರೀಚ್ ನಾಷ್ಟಾ ನಕ್ಕೋ ಕರೋ!" ತಗೊಳ್ಳುವುದಾದರೆ ತಗೊಳ್ಳಿ, ಇಲ್ಲೇ ತಿಂಡಿ ಮುಗಿಸಬೇಡಿ ಎಂದು ಗದರಿದ.

"ಖೊಟ್ಟಿ ಮಾಲು ಐತಿ," ಎಂದು ಮಾಮಾ ನನಗೆ ಕನ್ನಡದಲ್ಲಿ ಹೇಳಿ, ಅದನ್ನೇ ಕಾಲು ಕಿಲೋ ಕಟ್ಟಿಸಿಕೊಂಡರು.

ಚಿಕ್ಕಮ್ಮನ ಮಗ ನೌಕರಿಯ ಸಂದರ್ಶನಕ್ಕೆ ಹೊರಟಾಗ, ಮಾತು ತಡವರಿಸಬಾರದೆಂದು ಮಾಮಾ ಹನ್ನೆರಡು ಸುತ್ತು ತೇದು ನೆಕ್ಕಿಸಿದರು. ಬಜೆ ಮಿತಿ ಮೀರಿದರೆ ವಾಂತಿ ತರಿಸುತ್ತದೆ. ಸಂದರ್ಶನದ ಹೊತ್ತನ್ನೆಲ್ಲ ಆತ ಬಚ್ಚಲಲ್ಲಿ ಬಗ್ಗಿ ನಿಂತು ಕಳೆದ. "ಆ ನೌಕರಿ ಅವಗ ಸರಿ ಇದ್ದಿಲ್ಲ ಬಿಡು. ಬಜಿಗೆ ಮೊದಲ ತಿಳದಿತ್ತು," ಎಂದರು ಮಾಮಾ. ಬೇರಿಗೆ ಭವಿಷ್ಯ ಕೂಡ ಗೊತ್ತಾಗುತ್ತದೆಂದು ನಮಗೆ ಅಂದೇ ತಿಳಿದದ್ದು!

ಅವರ ಹಳೆಯ ಗೆಳೆಯರೊಬ್ಬರು ತೀರಿಕೊಂಡಾಗಿನ ಕಥೆ ಇನ್ನೂ ಘೋರ. ಹೆಣ ಇನ್ನೂ ಪಡಸಾಲೆಯಲ್ಲಿದೆ. ಮಾಮಾ ಹಿರಿಯ ಮಗನ ಹೆಗಲ ಮೇಲೆ ಕೈಯಿಟ್ಟು, "ಕಡೀತನಕಾ ಎಷ್ಟು ಸ್ವಚ್ಛ ಮಾತಾಡಿದ್ರು ನೋಡ್ರಿ ನಿಮ್ಮಪ್ಪಾರು! ದಿನಾ ಎರಡು ಸುತ್ತು ನಾನ ಕೊಡತಿದ್ದೆ," ಎಂದುಬಿಟ್ಟರು. ಅಳುತ್ತಿದ್ದ ಮಗ ತಟ್ಟನೆ ತಲೆಯೆತ್ತಿ ನೋಡಿದ. ಆ ನೋಟ ಕಂಡು ನಾವು ಮಾಮಾನನ್ನು ಹಿತ್ತಲ ಬಾಗಿಲಿನಿಂದ ಸಾಗಿಸಬೇಕಾಯಿತು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಗಳನ್ನು ನಾನೇ ಅವರ ಮುಂದೆ ಕೂರಿಸಿದೆ. ಅವಳಿಗೆ ಎರಡು ತುಂಬಿತ್ತು. ಒಂದು ಮಾತೂ ಬಂದಿರಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ನನ್ನ ಗಂಡ ಹೇಳಿದಾಗ ಮಾಮಾ ನನ್ನ ಕಡೆ ತಿರುಗಿ ನಕ್ಕುಬಿಟ್ಟರು.

"ನಮ್ಮ ಮನಿತಾನದಾಗ ಎಲ್ಲಾರದೂ ತಡಾನ. ನಿಮ್ಮವ್ವ ಬಾಯಿ ತಗದದ್ದು ಮೂರು ವರ್ಷಕ್ಕ. ಆಮ್ಯಾಲೆ ಮುಚ್ಚಿದ್ದು ನೀ ಏನರ ನೋಡೀಯೇನು?"

ನಾನೂ ನಕ್ಕೆ. ನಗುವುದು ಸುಲಭವಾಗಿತ್ತು. ನಂಬುವುದು ಅದಕ್ಕಿಂತ ಸುಲಭವಾಗಿತ್ತು. ಡಾಕ್ಟರು ಏನಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆ ನನ್ನೊಳಗೆ ಕೂತಿತ್ತು. ಮಾಮಾನ ಬೇರು ಏನನ್ನೂ ಹೇಳುತ್ತಿರಲಿಲ್ಲ.

ಎಂಟು ತಿಂಗಳು ಮಾಮಾ ದಿನಾ ಬೆಳಿಗ್ಗೆ ಸಿಕಂದರಾಬಾದಿನಿಂದ ಬಸ್ ಹಿಡಿದು ಹಿಮಾಯತ್‌ನಗರದ ನಮ್ಮ ಮನೆಗೆ ಬಂದರು. ಕೈಚೀಲದಲ್ಲಿ ಸಾಣೆಕಲ್ಲು, ಬೇರು, ಜೇನಿನ ಶೀಶೆ. ಲೆಕ್ಕ ತಪ್ಪದ ಮೂರು ಸುತ್ತು. ಮಗಳು ಮುಖ ಕಿವಿಚಿ ನೆಕ್ಕಿದ ಮೇಲೆ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು, "ಅಜ್ಜಾ ಅನ್ನು ಪುಟ್ಟವ್ವಾ. ಅಜ್ಜಾ," ಎಂದು ನೂರು ಸಲ ಹೇಳುತ್ತಿದ್ದರು. ಅವಳು ಅವರ ಮೀಸೆ ಕುಣಿಯುವುದನ್ನು ನೋಡಿ ಕೇಕೆ ಹಾಕುತ್ತಿದ್ದಳು. ಆ ಕೇಕೆಯನ್ನೇ ನಾವು ಮಾತಿನ ಮೊದಲೆಂದುಕೊಂಡೆವು.

ಒಂದು ದಿನ ತೇಯುತ್ತಿದ್ದಾಗ ಜೇನು ಮೆತ್ತಿದ ಕಲ್ಲು ಮಾಮಾನ ಕೈಯಿಂದ ಜಾರಿ, ತೊಳೆದು ಹರವಿದ್ದ ಸ್ಟೀಲು ಪಾತ್ರೆಗಳ ಮೇಲೆ ಬಿತ್ತು. ಎಂಥ ಸದ್ದು! ಪಕ್ಕದ ಮನೆಯ ತೆಲುಗಿನವರು "ಏಮೈಂದಿ?" ಎಂದು ಓಡಿಬಂದರು. ನಾನು ಒಲೆಯ ಮುಂದೆ ಬೆಚ್ಚಿಬಿದ್ದೆ. ಮಗಳು ನಮಗೆ ಬೆನ್ನು ಹಾಕಿ ಮೂರು ಮಾರು ದೂರದಲ್ಲಿ ಬಟ್ಟೆಯ ಗೊಂಬೆಗೆ ಅಂಗಿ ತೊಡಿಸುತ್ತಿದ್ದಳು. ತಿರುಗಿ ನೋಡಲಿಲ್ಲ. ಭುಜ ಕೂಡ ಅಲುಗಲಿಲ್ಲ.

ಮಾಮಾ ಬಿದ್ದ ಕಲ್ಲನ್ನೆತ್ತಲಿಲ್ಲ. ನನ್ನ ಮುಖ ನೋಡಿದರು. ಮತ್ತೆ ಅವಳ ಹಿಂದೆ ಹೋಗಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಮೂರು ಸಲ ತಟ್ಟಿದರು. ಅವಳು ಗೊಂಬೆಯ ಗುಂಡಿ ಹಾಕುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎರಡೂ ಕಿವಿ ಹುಟ್ಟಿನಿಂದಲೇ ಬಹಳ ಮಂದ. ಕಿವಿಗೆ ಕೇಳಿಸುವ ಮಷೀನು ಹಾಕಬೇಕು, ಮಾತು ಕಲಿಸುವ ತರಬೇತಿ ಬೇಕು. ಮಾತು ಬರಬಹುದು, ಎಷ್ಟು ಬರುತ್ತದೋ ಹೇಳಲಾಗದು. ಇಂಥ ಮಕ್ಕಳಿಗೆ ಒಂದೊಂದು ತಿಂಗಳೂ ದೊಡ್ಡದು, ಇನ್ನೂ ಮೊದಲೇ ಬರಬೇಕಿತ್ತು ಎಂದರು.

ಮಾಮಾ ಹೊರಗೆ ಬೆಂಚಿನ ಮೇಲೆ ಕೈಚೀಲ ತಬ್ಬಿಕೊಂಡು ಕೂತಿದ್ದರು. "ಏನಂದ್ರವಾ?" ಎಂದು ಎದ್ದರು.

"ಎಂಟು ತಿಂಗಳು ಮಾಮಾ! ಕಿವಿ ಕೇಳಲಾರದ ಕೂಸಿನ ನಾಲಿಗಿಗೆ ಎಂಟು ತಿಂಗಳು ಬಜಿ ತಿಕ್ಕಿದ್ರಿ ನೀವು! ನನ್ನ ಮಗಳ ಮಾತು ನುಂಗಿದ್ರಿ!"

ಅಷ್ಟು ಜನರ ನಡುವೆ ಕಿರುಚಿದೆ. ಅವಳನ್ನು ಅವರ ಮುಂದೆ ಕೂರಿಸಿದವಳು ನಾನೆಂಬುದನ್ನು ಆ ಕ್ಷಣಕ್ಕೆ ಮರೆತಿದ್ದೆ; ನಿಜ ಹೇಳಬೇಕೆಂದರೆ, ಮರೆಯಲೆಂದೇ ಕಿರುಚಿದೆ. ಮಾಮಾ ಕೈಚೀಲ ಹೆಗಲಿಗೇರಿಸಿ ಹೊರಟುಹೋದರು. ಮರುದಿನ ಬರಲಿಲ್ಲ. ಆ ತಿಂಗಳು ಪೂರ್ತಿ ಬರಲಿಲ್ಲ.

ಮಷೀನು ಬಂತು. ಎದ್ದಾಗಿನಿಂದ ಮಲಗುವವರೆಗೆ ಕಿವಿಯಲ್ಲೇ ಇರಬೇಕು, ಇಲ್ಲದಿದ್ದರೆ ಮಾತಿನ ಆಸೆ ಬಿಡಿ ಎಂದಿದ್ದರು. ಮಗಳು ಐದು ನಿಮಿಷ ಇಟ್ಟುಕೊಳ್ಳಲಿಲ್ಲ! ಕಿತ್ತು ಬಕೆಟ್ಟಿಗೆ ಹಾಕಿದಳು, ಕಸದ ಬುಟ್ಟಿಗೆ ಹಾಕಿದಳು, ಒಮ್ಮೆ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಟೇಪು ಅಂಟಿಸಿದೆವು, ಟೋಪಿ ಕಟ್ಟಿದೆವು, ಚಾಕೊಲೇಟು ತೋರಿಸಿದೆವು. ದಿನಗಳು ಹೋಗುತ್ತಲೇ ಇದ್ದವು. ಒಂದು ಮಧ್ಯಾಹ್ನ ನಾನು ಅವಳಿಗೆ ಹೊಡೆದೆ. ಅವಳು ಅಳುವ ಸದ್ದು ಅವಳಿಗೇ ಕೇಳುವುದಿಲ್ಲವಲ್ಲ ಎಂದು ನೆನಪಾಗಿ, ಬಾಗಿಲ ಮರೆಯಲ್ಲಿ ನಾನೂ ಅತ್ತೆ.

ಆ ವಾರದಲ್ಲೇ ಮಾಮಾ ಬಂದರು. ಕೈಚೀಲವಿರಲಿಲ್ಲ. ಎರಡೂ ಕಿವಿಗಳ ಹಿಂದೆ ದಪ್ಪನೆಯ ಹಳೇ ಮಷೀನುಗಳು!

"ಮಾಮಾ, ನಿಮಗೂ ಕೇಳಂಗಿಲ್ಲೇನು?"

ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದರು. ಮೂರನೇ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದರೆ ಕೇಳುವ ಕಿವಿ ಅವರದು. ಪರಿಚಯದವರ ಮನೆಯಿಂದ ಕೆಟ್ಟುಹೋದ ಮಷೀನುಗಳನ್ನು ಬೇಡಿ ತಂದಿದ್ದರು. ಒಳಗೆ ಬ್ಯಾಟರಿಯೂ ಇರಲಿಲ್ಲ. ಮಗಳೆದುರು ಕೂತರು. ಒಂದನ್ನು ತೆಗೆದರು, ಮತ್ತೆ ಹಾಕಿಕೊಂಡರು. ಅವಳು ಹತ್ತಿರ ಬಂದು ಅವರ ಕಿವಿ ಹಿಡಿದು ನೋಡಿದಳು. ಎಳೆದಳು. ಅವರು ಎಳೆಸಿಕೊಂಡರು.

ಅಂದಿನಿಂದ ಮತ್ತೆ ದಿನಾ ಬಂದರು. ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ. ಕಂಡಕ್ಟರು "ತಾತಾ! ಹಿಮಾಯತ್‌ನಗರ್ ವಚ್ಚಿಂದಿ!" ಎಂದು ಸ್ಟಾಪು ಬಂದದ್ದನ್ನು ಬಸ್ಸೆಲ್ಲ ನಡುಗುವಂತೆ ಕೂಗುತ್ತಾನಂತೆ. ಪಾಪ, ಆ ಕೂಗು ಕೇಳಿ ಕೇಳಿ ಇದ್ದ ಕಿವಿಯೂ ಹೋದೀತು! ಎರಡನೇ ವಾರ ಮಗಳು ತನ್ನ ಮಷೀನನ್ನು ಅರ್ಧ ಗಂಟೆ ಇಟ್ಟುಕೊಂಡಳು. ಆಮೇಲೆ ಊಟ ಮುಗಿಯುವವರೆಗೆ. ಈಗ ಬೆಳಿಗ್ಗೆ ಎದ್ದ ಕೂಡಲೇ ತಾನೇ ಎತ್ತಿಕೊಂಡು ಬಂದು ನನ್ನ ಮುಂದೆ ಕಿವಿಯೊಡ್ಡುತ್ತಾಳೆ. ಮಾತು ಇನ್ನೂ ಬಂದಿಲ್ಲ. ಎಷ್ಟು ಬಂದೀತು, ಬಂದೀತೇ ಎಂದು ಯಾರೂ ಹೇಳುತ್ತಿಲ್ಲ.

ನಿನ್ನೆ ಚಹಾ ಕೊಡಲು ಬಗ್ಗಿದಾಗ ಮಾಮಾನ ಕಿವಿಯ ಹಿಂದೆ ಕಂಡಿತು. ಮಷೀನು ಒತ್ತಿ ಒತ್ತಿ ಚರ್ಮ ಕಿತ್ತು ಹಸಿ ಹುಣ್ಣಾಗಿತ್ತು. ಚಹಾ ಲೋಟ ಕೆಳಗಿಟ್ಟೆ.

"ತಗದುಬಿಡ್ರಿ ಮಾಮಾ. ಅಕಿಗೀಗ ರೂಢಿ ಆಗೇತಿ. ಅರಿಶಿಣಾ ಹಚ್ಚಲೇನು?"

"ಬ್ಯಾಡ ಬ್ಯಾಡ. ಡಾಕ್ಟರು ಮುಲಾಮು ಕೊಟ್ಟಾರ," ಎಂದು ನಾಚಿಕೊಂಡರು. ಡಾಕ್ಟರ ಹೊಸ್ತಿಲು ಹತ್ತದ ಮನುಷ್ಯ! ಆಮೇಲೆ ಗೊಂಬೆ ಹಿಡಿದು ಕೂತಿದ್ದ ಮಗಳ ಕಡೆ ನೋಡಿದರು.

"ನಾ ತಗದ್ರ ಅಕಿ ಒಬ್ಬಾಕಿನ ಆಗ್ತಾಳವ್ವಾ."

ಆಸ್ಪತ್ರೆಯ ಬೆಂಚಿನ ಮುಂದೆ ಆಡಿದ ಮಾತಿಗೆ ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ. ಹತ್ತಿಯನ್ನು ಸಣ್ಣಗೆ ಮಡಚಿ ಆ ಹುಣ್ಣಿನ ಮೇಲಿಟ್ಟೆ. ಮಷೀನನ್ನು ನನ್ನ ಕೈಯಿಂದಲೇ ಮತ್ತೆ ಅವರ ಕಿವಿಗೆ ಸಿಕ್ಕಿಸಿದೆ.