ಕುಬಸದ ದಿನ ನಾನು ಬೇಡಿದ ಸೂಜಿ

ನಾನು ಹುನಗುಂದದ ಕೋರ್ಟಿನಲ್ಲಿ ವಕೀಲೆ. ಕಪ್ಪು ಕೋಟು ಹಾಕಿಕೊಂಡು ಊರ ಮಂದಿಯ ಪರವಾಗಿ ವಾದ ಮಾಡುವವಳಿಗೆ ಮನೆ ಮಂದಿಯನ್ನು ಒಪ್ಪಿಸುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ಇಂಥ ಧೈರ್ಯವನ್ನು ದೇವರು ಯಾರಿಗೂ ಕೊಡಬಾರದು.

ವಿಷಯ ಇಷ್ಟೇ. ನಾನು ಬಸುರಿ, ಮತ್ತು ನನಗೆ ಹೆರಿಗೆ ನೋವೆಂದರೆ ವಿಪರೀತ ಭಯ. ಬಾಗಲಕೋಟೆಯ ಡಾಕ್ಟರಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಬೆನ್ನಿಗೆ ಎಪಿಡ್ಯೂರಲ್ ಅಂತ ಒಂದು ಇಂಜೆಕ್ಷನ್ ಕೊಡ್ತೇವಿ. ಬ್ಯಾನಿ ಭಾಳ ಕಡಿಮಿ ಆಗ್ತಾವು. ಬೇಕೋ ಬ್ಯಾಡೋ ಮನಿಗೆ ಹೋಗಿ ವಿಚಾರ ಮಾಡಿ ಹೇಳ್ರಿ" ಎಂದರು. ನಾನು ಕುರ್ಚಿಯಿಂದ ಏಳುವುದರೊಳಗೆ ವಿಚಾರ ಮಾಡಿ ಮುಗಿಸಿದ್ದೆ. ಬೇಕು!

ಇಳಕಲ್ಲಿನ ನಮ್ಮವ್ವ ಫೋನಿನಲ್ಲೇ ತಕರಾರು ಎತ್ತಿದಳು.

"ಬೆನ್ನಿಗೆ ಸೂಜಿ ಮಾಡಿಸ್ಕೊಂಡ್ರ ಸೊಂಟ ಹೋಗ್ತೈತಿ. ನಮ್ಮ ಓಣಿ ಪಾರವ್ವನ್ನ ನೋಡು, ಇವತ್ತಿಗೂ ಬಗ್ಗೇ ನಡೀತಾಳ."

"ಅವ್ವಾ, ಪಾರವ್ವಗ ಯಾರೂ ಸೂಜಿ ಮಾಡಿಲ್ಲ. ಅಕಿ ಮಾಳಿಗಿ ಮ್ಯಾಲಿಂದ ಬಿದ್ದಾಳ."

"ಬರೇ ಬಿದ್ರ ಹಂಗ ಆಗ್ಯಾಳ. ಇನ್ನ ಸೂಜಿ ಮಾಡಿದ್ರ ಹೆಂಗ ಆಗಬೇಕು!"

ಫೋನಿಟ್ಟು ಅಡುಗೆಮನೆಗೆ ನಡೆದೆ.

ಅತ್ತೆಯನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಚೊಚ್ಚಲ ಬಾಣಂತನ ತವರಮನಿದು. ನಿಮ್ಮವ್ವ ಹೇಳಿದಂಗ" ಎಂದರು. ನಮ್ಮವರನ್ನು ಕೇಳಿದೆ. "ನೀ ಹೇಳಿದಂಗ" ಎಂದರು. "ಹಂಗಾದ್ರ ಅದನ್ನ ನಮ್ಮವ್ವಗ ಹೇಳ್ರಿ" ಎಂದೆ. ತಕ್ಷಣ ಅವರಿಗೆ ಬೈಕಿಗೆ ಗಾಳಿ ತುಂಬಿಸುವುದು ನೆನಪಾಯಿತು!

ಆಗ ನನ್ನ ವಕೀಲಿ ತಲೆ ಓಡಿತು. ನಮ್ಮ ಕಡೆ ಒಂದು ಕಾಯ್ದೆಯಿದೆ, ಅದರ ಮೇಲೆ ಯಾವ ಕೋರ್ಟಿನಲ್ಲೂ ಅಪೀಲಿಲ್ಲ. ಬಸುರಿಯ ಬಯಕೆ ತೀರಿಸಲೇಬೇಕು. ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ!

ಕುಬಸದ, ಅಂದರೆ ಸೀಮಂತದ, ದಿನ ಬಂತು. ತವರಿನವರು ಬುತ್ತಿ ಕಟ್ಟಿಕೊಂಡು ಹುನಗುಂದಕ್ಕೆ ಬಂದರು. ನನಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಕೂಡಿಸಿದರು. ಓಣಿಯ ಹೆಂಗಸರು ಹಾಡುತ್ತಿದ್ದರು. ಅತ್ತೆ ಉಡಿ ತುಂಬಿ, ಎಲ್ಲರಿಗೂ ಕೇಳುವಂತೆ, "ಹೇಳವ್ವಾ, ಏನ ಬಯಕಿ ಐತಿ? ಕರದಂಟೋ, ಹಸಿ ಹುಣಸಿಕಾಯೋ?" ಎಂದರು.

ನಾನು ಕುಬಸದ ಬಸುರಿಗೆ ಒಪ್ಪುವಷ್ಟು ನಾಚಿಕೊಂಡು, ತಲೆ ತಗ್ಗಿಸಿ ಹೇಳಿದೆ.

"ಬೆನ್ನಿಗೆ ಸೂಜಿ."

ಹಾಡು ನಿಂತಿತು. ಅವ್ವನ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು.

"ಇದೆಂಥಾ ಬಯಕಿ, ನನ್ನ ತಾಯಿ!" ಎಂದಳು ಅವ್ವ.

"ಬಯಕಿ ಅಂದ್ರ ಬಯಕಿನ!" ಅತ್ತೆ ತೀರ್ಪು ಕೊಟ್ಟೇಬಿಟ್ಟರು. "ನಾ ಬಸರಿದ್ದಾಗ ಗ್ವಾಡಿ ಮಣ್ಣು ತಿಂದೇನಿ. ಯಾರರೆ ಬ್ಯಾಡ ಅಂದ್ರೇನು? ಸೊಸಿ ಸೂಜಿ ಬೇಡ್ಯಾಳ, ಮಾಡ್ಸೂದ! ನನ್ನ ಮೊಮ್ಮಗನ ಕಿವಿ ಸೋರಬಾರ್ದು."

ಅವ್ವ ಕೈಯಲ್ಲಿದ್ದ ಹೋಳಿಗೆಯನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಗೆದ್ದ ಖುಷಿಯಲ್ಲಿ ಇನ್ನೊಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಕುಬಸ ಮುಗಿಸಿಕೊಂಡು ಅವ್ವನ ಜೊತೆ ತವರಿಗೆ ಹೋದೆ. ಇಳಕಲ್ಲಿನಲ್ಲಿ ಬೇನೆ ಶುರುವಾದಾಗ ಕಾರು ಹೊರಟಿತು. ಹುನಗುಂದದಲ್ಲಿ ಅತ್ತೆ ಮತ್ತು ನಮ್ಮವರು ಹತ್ತಿದರು. ಅಮೀನಗಡಕ್ಕೆ ಬರುವಷ್ಟರಲ್ಲಿ ಬೇನೆ ಜೋರಾಯಿತು. ಸಾಲಾಗಿ ಕರದಂಟಿನ ಅಂಗಡಿಗಳನ್ನು ಕಂಡೂ ನಾನು ಕಾರು ನಿಲ್ಲಿಸಿ ಎನ್ನಲಿಲ್ಲ. ಬೇನೆ ಎಷ್ಟಿತ್ತೆಂದು ನೀವೇ ತಿಳಿದುಕೊಳ್ಳಿ.

ಬಾಗಲಕೋಟೆಯ ದವಾಖಾನೆಯಲ್ಲಿ ಎಲ್ಲವೂ ತಯಾರಿತ್ತು. ಅರಿವಳಿಕೆ ಕೊಡುವ ಡಾಕ್ಟರು ಬಂದು, "ಬೆನ್ನು ಬಗ್ಗಿಸಿ ಕುಂದರ್ರಿ" ಎಂದರು. ನಾನು ಸುಮ್ಮನೆ ಬಗ್ಗಬೇಕಿತ್ತು. ಹಿಂತಿರುಗಿ ತಟ್ಟೆ ನೋಡಿದೆ.

ಸೂಜಿ!

ಅದರ ಒಂದು ತುದಿ ಬಾಗಲಕೋಟೆಯಲ್ಲಿತ್ತು, ಇನ್ನೊಂದು ಬಾದಾಮಿಯಲ್ಲಿ. ಇಷ್ಟು ದಿನ ಸೂಜಿ ಬೇಕೆಂದು ಊರೆಲ್ಲ ವಾದ ಮಾಡಿದವಳಿಗೆ, ಸೂಜಿಯನ್ನು ಚುಚ್ಚುತ್ತಾರೆ ಎಂಬ ಸಣ್ಣ ವಿಷಯ ಹೊಳೆದೇ ಇರಲಿಲ್ಲ! ಸಾಲೆಗೆ ಲಸಿಕೆಯವರು ಬಂದರೆ ಬೆಂಚಿನ ಕೆಳಗೆ ಅಡಗುತ್ತಿದ್ದ ಹುಡುಗಿ ನಾನು.

"ಬ್ಯಾಡ್ರಿ! ನಾ ಹಂಗ ಹಡೀತೇನಿ!" ಎಂದು ಚೀರಿದೆ.

"ಬ್ಯಾಡಂದ್ರ ಹೆಂಗ? ಕೂಸಿನ ಕಿವಿ?" ಎಂದು ಅತ್ತೆ ಓಡಿ ಬಂದರು.

ಈಗ ಉಳಿದಿದ್ದ ಆಸರೆ ಅವ್ವ. ಅವಳಂತೂ ಮೊದಲಿನಿಂದ ಸೂಜಿಗೆ ವಿರೋಧ. ಅವಳ ಕಡೆ ನೋಡಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾಡಿಸ್ಕೋ ತಂಗಿ. ನಿನ್ನ ಸಂಕಟ ನನಗ ನೋಡಾಕ ಆಗವಲ್ದು" ಎಂದುಬಿಟ್ಟಳು. ನಾಲ್ಕು ಹಡೆದ ಗಟ್ಟಿಗಿತ್ತಿ ಅಳುವುದನ್ನು ನಾನು ಅವತ್ತೇ ಕಂಡದ್ದು. ನನಗೂ ಅಳು ಬಂತು.

"ಯಾರೂ ಹೇಳಬ್ಯಾಡ್ರಿ. ಅಕಿ ಹೂಂ ಅಂದ್ರಷ್ಟ ಮಾಡ್ತೇವಿ" ಎಂದು ಡಾಕ್ಟರಮ್ಮ ಇಬ್ಬರನ್ನೂ ಹೊರಗೆ ಕಳಿಸಿದರು.

ನನ್ನದೇ ಅರ್ಜಿ, ನನ್ನದೇ ತಕರಾರು, ನಾನೇ ಜಡ್ಜು! ತೀರ್ಪು ಕಾಯ್ದಿರಿಸೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಬೇನೆ ಬಂತು. ಅದರಂಥ ವಾದವನ್ನು ನಾನು ಯಾವ ಹಿರಿಯ ವಕೀಲರ ಬಾಯಲ್ಲೂ ಕೇಳಿಲ್ಲ.

"ಮಾಡ್ರಿ! ಬೇಕಾದ್ರ ಎರಡು ಮಾಡ್ರಿ!"

ಒಂದೇ ಸಾಕಾಯಿತು. ಚುಚ್ಚಿದ್ದು ಚುರ್ ಎಂದಿತು, ಅಷ್ಟೇ. ಸ್ವಲ್ಪ ಹೊತ್ತಿಗೆ ಬೇನೆ ಎಷ್ಟು ಇಳಿಯಿತೆಂದರೆ, ನಾನು ನರ್ಸಮ್ಮನಿಗೆ ಹೊಲದ ಬದುವಿನ ಕೇಸೊಂದನ್ನು ವಿವರಿಸತೊಡಗಿದೆ.

ಅಲ್ಲೇ ಎಡವಟ್ಟಾಯಿತು. ಹೊರಗೆ ಅವ್ವ, ಅತ್ತೆ ಇಬ್ಬರೂ ಬಾಗಿಲಿಗೆ ಕಿವಿ ಕೊಟ್ಟು, ನಾನು ಒದರುವುದನ್ನೇ ಕಾಯುತ್ತಿದ್ದರಂತೆ. ಒಳಗಿಂದ ಬದುವಿನ ಜಗಳ ಕೇಳಿಸಿತು. "ಇನ್ನೂ ಸುರುನ ಆಗಿಲ್ಲ ಬಿಡ್ರಿ" ಎಂದು ನಮ್ಮವರನ್ನೂ ಕರೆದುಕೊಂಡು ಚಹಾಕ್ಕೆ ಹೋದರು. ನರ್ಸಮ್ಮ ಕೂಸನ್ನೆತ್ತಿಕೊಂಡು ಹೊರಗೆ ಬಂದರೆ ನಮ್ಮವರೆನ್ನುವವರು ಒಬ್ಬರೂ ಇಲ್ಲ! ನನ್ನ ಮಗಳಿಗೆ ಮೊದಲು ದೃಷ್ಟಿ ತೆಗೆದವರು ಬಾದಾಮಿ ಕಡೆಯ ಯಾರೋ ಅಜ್ಜಿ.

ಅತ್ತೆ ಚಹಾ ಬಿಟ್ಟು ಓಡಿ ಬಂದು ಮೊಮ್ಮಗಳ ಮುಖವನ್ನೂ ನೋಡದೆ ಎರಡೂ ಕಿವಿ ನೋಡಿದರು. "ಒಣಗೇ ಅದಾವು!" ಎಂದು ಘೋಷಿಸಿದರು. ಅವ್ವ ಮಾತ್ರ ಮುಖ ಊದಿಸಿಕೊಂಡಿದ್ದಳು. "ಒಂದರೆ ಸಲ ಒದರಬಾರ್ದೇನ? ಹಡದದ್ದು ನಮಗ ಗೊತ್ತಾಗೂದು ಹೆಂಗ?"

ಮೊನ್ನೆ ಕೂಸಿಗೆ ಲಸಿಕೆ ಹಾಕಿಸಲು ಹೋಗಿದ್ದೆವು. ಸೂಜಿ ಚುಚ್ಚಿದಾಗ ಮಗಳು ಒಮ್ಮೆ ಕುಂಯ್ ಎಂದು ಸುಮ್ಮನಾದಳು. ಆದರೂ ಕೋಣೆಯಲ್ಲಿ ಕಿರುಚಾಟ ನಿಲ್ಲಲಿಲ್ಲ. ನರ್ಸು ಗಾಬರಿಯಾಗಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಅಕ್ಕಾರ, ಸೂಜಿ ಮಾಡಿದ್ದು ಕೂಸಿಗ್ರಿ! ನೀವ್ಯಾಕ ಒದರಾಕತ್ತೀರಿ?"

"ಒದರಲಿ ಬಿಡವ್ವಾ" ಎಂದಳು ಅವ್ವ, ಪರಮ ಸಮಾಧಾನದಿಂದ. "ಹಡಿಯೂವಾಗ ಒದರೂದು ಬಾಕಿ ಉಳಿದಿತ್ತು."

ಈ ತೀರ್ಪಿನ ಮೇಲೆ ನಾನು ಅಪೀಲು ಹೋಗಲಿಲ್ಲ.